ಎರಡೂ ಹೇಳುತ್ತಿದ್ದವರು

ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವರು ಎಂದೂ ಪೂರ್ತಿಯಾಗಿ ಕೂತವರಲ್ಲ. ಅಂಚಿಗೆ ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಹೊರಗೆ ಕಾಯುತ್ತಿರುವ ರೋಗಿಗಳ ಕಡೆ ಒಮ್ಮೆ ತಿರುಗಿ ನೋಡಿ, ಆಮೇಲೆ ಮಾತು ಶುರುಮಾಡುತ್ತಿದ್ದರು. ಔಷಧಿ ಕಂಪನಿಯ ಪ್ರತಿನಿಧಿಗೆ ಡಾಕ್ಟರು ಕೊಡುವುದು ಒಂದೋ ಎರಡೋ ನಿಮಿಷ. ಅಷ್ಟರಲ್ಲಿ ಮಾತ್ರೆಯ ಹೆಸರು ಮೂರು ಸಲವಾದರೂ ಅವರ ಕಿವಿಗೆ ಬೀಳಬೇಕು ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಇವರು ಒಂದೇ ಸಲ ಹೇಳುತ್ತಿದ್ದರು. ಉಳಿದ ಸಮಯದಲ್ಲಿ ಅರ್ಧ, ಆ ಮಾತ್ರೆಯಿಂದ ಏನು ಉಪಯೋಗ ಎಂಬುದಕ್ಕೆ. ಇನ್ನರ್ಧ, ಅದರಿಂದ ಏನು ತೊಂದರೆಯಾಗಬಹುದು, ಯಾರಿಗೆ ಕೊಡಬಾರದು ಎಂಬುದಕ್ಕೆ. ಎರಡನ್ನೂ ಒಂದೇ ದನಿಯಲ್ಲಿ ಹೇಳಿ, ನಮಸ್ಕಾರ ಮಾಡಿ ಎದ್ದುಬಿಡುತ್ತಿದ್ದರು.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಹೇಳದೆ ಕೇಳದೆ ಅವರ ಬಗ್ಗೆ ಬರೆಯುತ್ತಿದ್ದೇನೆ, ಹೆಸರನ್ನಾದರೂ ಅವರ ಪಾಲಿಗೇ ಬಿಡೋಣ ಅನ್ನಿಸುತ್ತದೆ.

ನಾನು ಅವರ ಏರಿಯಾ ಮ್ಯಾನೇಜರ್ ಆಗಿದ್ದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಅವರದು. ತಿಂಗಳಲ್ಲಿ ಎರಡು ದಿನ ನಾನು ತುಮಕೂರಿನಿಂದ ಹೋಗಿ ಅವರ ಬೈಕಿನ ಹಿಂದೆ ಕೂತು, ಅವರು ಹೋದಲ್ಲೆಲ್ಲ ಹೋಗಿ, ಕೆಲಸ ಹೇಗೆ ಮಾಡುತ್ತಾರೆಂದು ನೋಡಿ ವರದಿ ಬರೆಯಬೇಕಿತ್ತು. ಅವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಆದರೂ ನನ್ನನ್ನು 'ಸಾರ್' ಎಂದೇ ಕರೆಯುತ್ತಿದ್ದರು. ಬೇಡ ಎಂದರೆ, "ಅಭ್ಯಾಸ ಆಗಿದೆ ಸಾರ್, ಇರ್ಲಿ" ಎನ್ನುತ್ತಿದ್ದರು.

ಮೊದಲ ತಿಂಗಳೇ ನಾನು ಅವರಿಗೆ ಹೇಳಿದೆ. ಪುರವರದ ಹತ್ತಿರ ಎಳನೀರಿಗೆಂದು ನಿಲ್ಲಿಸಿದ್ದೆವು.

"ನೋಡಿ, ತೊಂದರೆ ಏನೇನಿದೆ ಅನ್ನೋದು ಡಬ್ಬದೊಳಗಿನ ಚೀಟಿಯಲ್ಲಿ ಅಚ್ಚಾಗಿರುತ್ತೆ. ಡಾಕ್ಟರು ಓದ್ಕೊಂಡಿರ್ತಾರೆ. ನೀವ್ಯಾಕೆ ಅದನ್ನೆಲ್ಲ ಹೇಳೋದು?"

ಅವರು ಎಳನೀರು ಮುಗಿಸಿ, ಬಾಯಿ ಒರೆಸಿಕೊಂಡು ಹೇಳಿದರು:

"ದಿನಕ್ಕೆ ನೂರು ಜನನ್ನ ನೋಡೋ ಡಾಕ್ಟ್ರು ಸಾರ್, ಆ ಚೀಟಿ ಎಲ್ಲಿ ಓದ್ತಾರೆ? ನನ್ನ ನಂಬ್ಕೊಂಡು ಬರೀತಾರೆ. ಬರೆಸ್ಕೊಂಡು ಹೋಗೋರು ನನ್ನ ಮುಖಾನೇ ನೋಡಿರಲ್ಲ."

ಮುಂದೆ ಅದರ ಬಗ್ಗೆ ವಾದ ಮಾಡಲಿಲ್ಲ. ಅವರು ವಾದ ಮಾಡುವವರೇ ಅಲ್ಲ. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಿಸಿಕೊಂಡು, ಮುಂದಿನ ಡಾಕ್ಟರ ಹತ್ತಿರ ಮತ್ತೆ ಎರಡೂ ಹೇಳಿದರು.

ಬೇರೆ ಕಂಪನಿಯ ಹುಡುಗರು ಅವರಿಗೆ 'ಸೈಡ್ ಎಫೆಕ್ಟ್' ಎಂದು ಹೆಸರಿಟ್ಟಿದ್ದರು. ಮಧುಗಿರಿ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಎಲ್ಲ ಕಂಪನಿಯವರೂ ಹನ್ನೊಂದು ಗಂಟೆಗೆ ಸೇರುತ್ತಾರೆ. ಕಾಫಿ ಕುಡಿಯುತ್ತ, ಇವತ್ತು ಯಾವ ಯಾವ ಡಾಕ್ಟರನ್ನು 'ಭೇಟಿಯಾದೆವು' ಎಂದು ಒಟ್ಟಾಗಿ ತೀರ್ಮಾನಿಸಿ ಕಂಪನಿಯ ದಿನದ ವರದಿಯನ್ನು ಫೋನಿನಲ್ಲಿ ತುಂಬುತ್ತಾರೆ. ನಾನೂ ನನ್ನ ಕಾಲದಲ್ಲಿ ತುಂಬಿದವನೇ. ಇವರು ಒಳಗೆ ಬಂದರೆ, "ಸೈಡ್ ಎಫೆಕ್ಟ್ ಬಂತು ಕಣ್ರಲೇ, ಜರುಗಿ" ಎಂದು ಯಾರಾದರೂ ಅನ್ನುವುದು, ಉಳಿದವರು ನಗುವುದು. ಅವರೂ ಸಣ್ಣಗೆ ನಗುತ್ತಿದ್ದರು. ಆದರೆ ಜರುಗಿ ಮಾಡಿಕೊಟ್ಟ ಜಾಗದಲ್ಲಿ ಕೂರುತ್ತಿರಲಿಲ್ಲ. ಕೌಂಟರಿನ ಬಳಿ ನಿಂತು ಕಾಫಿ ಕುಡಿದು ಹೊರಟುಬಿಡುತ್ತಿದ್ದರು. ಹದಿನೆಂಟು ವರ್ಷ ಆ ಹೋಟೆಲಿಗೆ ಹೋದರೂ ಅವರು ಕೂತು ಕಾಫಿ ಕುಡಿದದ್ದನ್ನು ತಾನು ನೋಡಿಲ್ಲ ಎಂದು ಅಲ್ಲಿನ ಸಪ್ಲೈಯರ್ ಒಮ್ಮೆ ನನಗೆ ಹೇಳಿದ.

ಕೊರಟಗೆರೆಯಲ್ಲಿ ಒಬ್ಬ ಡಾಕ್ಟರಿದ್ದರು. ಮನೆಗೊಂದು ಫ್ರಿಜ್ ಬೇಕು, ನಿಮ್ಮ ಕಂಪನಿಯಿಂದ ಆಗುತ್ತದೆಯೇ ಎಂದು ಇವರನ್ನು ಕೇಳಿದರಂತೆ. ಕಂಪನಿಯಿಂದ ಆಗುತ್ತಿತ್ತು. ಬೇರೆ ಬೇರೆ ಹೆಸರಿನಲ್ಲಿ ಅಂಥವೆಲ್ಲ ಆಗುತ್ತವೆ. ಇವರು ನನ್ನನ್ನು ಕೇಳದೆಯೇ "ಆಗಲ್ಲ ಡಾಕ್ಟ್ರೇ" ಎಂದು ಹೇಳಿ ಬಂದಿದ್ದರು. ಹಾಗಾದರೆ ಇನ್ನು ಬರಬೇಡಿ ಎಂದರಂತೆ ಡಾಕ್ಟರು. ಇವರು ಹೋಗುವುದನ್ನು ನಿಲ್ಲಿಸಲಿಲ್ಲ. ತಿಂಗಳಿಗೊಮ್ಮೆ ಹೋಗಿ ರೋಗಿಗಳ ಸಾಲಿನಲ್ಲಿ ಕೂತು, ತಮ್ಮ ಸರದಿ ಬಂದಾಗ ಬಾಗಿಲಲ್ಲಿ ನಿಂತು ನಮಸ್ಕಾರ ಹೇಳುವುದು. ಡಾಕ್ಟರು ತಲೆ ಎತ್ತದೆ ಮುಂದಿನ ರೋಗಿಯನ್ನು ಕರೆಯುವುದು. ನಾನೂ ಒಂದು ದಿನ ಜೊತೆಗಿದ್ದೆ. ಮೆಟ್ಟಿಲಿಳಿಯುತ್ತ, "ಯಾಕೆ ಬರ್ತೀರಿ ಇಲ್ಲಿಗೆ?" ಎಂದು ಕೇಳಿದೆ.

"ನಾನು ಬರೋದು ನಿಲ್ಲಿಸಿದ್ರೆ ಫ್ರಿಜ್ಜಿಗೋಸ್ಕರ ಬರ್ತಿದ್ದೆ ಅಂತ ಆಗೋಗುತ್ತೆ ಸಾರ್."

ಆ ಡಾಕ್ಟರು ಕೊನೆಯವರೆಗೂ ತಲೆ ಎತ್ತಲಿಲ್ಲ.

ಎಲ್ಲರೂ ಹಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸಿರಾದಲ್ಲಿ ವಯಸ್ಸಾದ ಮುಸಲ್ಮಾನ ಡಾಕ್ಟರೊಬ್ಬರಿದ್ದರು. ಇವರನ್ನು ಕಂಡರೆ "ಆವೋ ಭಾಯಿ" ಎಂದು ಒಳಗೆ ಕರೆದು ಚಹಾ ತರಿಸುವರು. ಒಂದು ಸಲ ನನ್ನ ಕಡೆ ತಿರುಗಿ ಹೇಳಿದರು: "ಮ್ಯಾನೇಜರ್ ಸಾಬ್, ಈ ಮನುಷ್ಯ ಬೇಡ ಅಂದದ್ದನ್ನ ನಾನು ಬರಿಯಲ್ಲ. ಅದಕ್ಕೇ ಬರೀರಿ ಅಂದದ್ದನ್ನ ಕಣ್ಮುಚ್ಕೊಂಡು ಬರೀತೀನಿ. ನಿಮಗೆ ಅರ್ಥ ಆಯ್ತಾ?" ಆಯ್ತು ಎಂದೆ. ನಿಜವಾಗಿ ಅರ್ಥವಾಗಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಅವರ ಕೋಣೆಗೆ ನಾನು ಹೋದದ್ದು ಒಂದೇ ಸಲ. ಮಧುಗಿರಿಯಲ್ಲಿ ಅಂದು ಬಂದ್ ಆಗಿ ಹೋಟೆಲುಗಳೆಲ್ಲ ಮುಚ್ಚಿದ್ದವು. "ಬನ್ನಿ ಸಾರ್, ಮನೇಲಿ ಏನಾದ್ರೂ ಮಾಡ್ತೀನಿ" ಎಂದು ಕರೆದುಕೊಂಡು ಹೋದರು. ಮಹಡಿಯ ಮೇಲೊಂದು ಕೋಣೆ, ಒಂದು ಸ್ಟೌವ್, ಗೋಡೆಗೆ ಒರಗಿಸಿದ ಚಾಪೆ, ಕಿಟಕಿಯ ತುಂಬ ಬೆಟ್ಟದ ಬಂಡೆ. ಮುದ್ದೆ ತಿರುವಿ, ಅವರೆಕಾಳಿನ ಸಾರು ಮಾಡಿದರು. ತಟ್ಟೆ ಒಂದೇ ಇತ್ತು. ಅದನ್ನು ನನಗೆ ಕೊಟ್ಟು ತಾವು ಪಾತ್ರೆಯ ಮುಚ್ಚಳದಲ್ಲಿ ಹಾಕಿಕೊಂಡರು. ಊಟದ ನಡುವೆ ನಾನು, "ಮದುವೆ?" ಎಂದೆ.

"ಆಗಿತ್ತು ಸಾರ್. ಮುಂದುವರೀಲಿಲ್ಲ."

ಆಮೇಲೆ ಇನ್ನೊಂದು ಸೌಟು ಸಾರು ಬಡಿಸಿದರು. ಹಿಂದೂಪುರದಲ್ಲಿ ತಂಗಿಯೊಬ್ಬಳಿದ್ದಾಳೆ, ಯುಗಾದಿಗೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿದರು.

ಆ ವರ್ಷದ ಕೊನೆಗೆ ನಮ್ಮ ಕಂಪನಿ ಕೀಲುನೋವಿಗೆ ಹೊಸ ಮಾತ್ರೆ ತಂದಿತು. ಬೆಂಗಳೂರಿನಲ್ಲಿ ಸಭೆ. ತಂಪು ಹೋಟೆಲಿನ ದೊಡ್ಡ ಪರದೆಯ ಮೇಲೆ ಊರೂರಿನ ಮಾರಾಟವನ್ನು ಬಣ್ಣದ ಕಂಬಗಳಲ್ಲಿ ತೋರಿಸುತ್ತಿದ್ದರು. ನೋವಿನ ಮಾತ್ರೆಗಳಲ್ಲಿ ಪಾವಗಡದ ಕಂಬ ಎಲ್ಲಕ್ಕಿಂತ ಎತ್ತರವಿತ್ತು. ನಮ್ಮ ದೊಡ್ಡ ಸಾಹೇಬರು ಅದರತ್ತ ಬೆರಳು ಮಾಡಿ, "ಇದು ಚಿನ್ನದ ಗಣಿ. ಇಲ್ಲಿ ಯಾರಿದ್ದಾರೆ?" ಎಂದರು. ಇವರು ಎದ್ದು ನಿಂತರು.

"ಸಾರ್, ಅಲ್ಲಿನ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಊರೂರಿಗೇ ಮೂಳೆನೋವು. ಬೇರೆ ಕಡೆಯೋರ ಹಾಗೆ ಒಂದು ವಾರ ನುಂಗಿ ನಿಲ್ಲಿಸೋರಲ್ಲ ಅವರು. ವರ್ಷಗಟ್ಟಲೆ ನುಂಗ್ತಾರೆ. ಈ ಮಾತ್ರೆ ಅಷ್ಟು ದಿನ ತಗೊಂಡ್ರೆ ಕಿಡ್ನಿಗೆ ಪೆಟ್ಟು ಸಾರ್."

"ಅದಕ್ಕೇ ಹೇಳಿದ್ದು," ಎಂದರು ಸಾಹೇಬರು. "ಚಿನ್ನದ ಗಣಿ."

ಸಭೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ನನಗಿಂತ ಎರಡು ಸಾಲು ಮುಂದೆ ನಿಂತಿದ್ದರು. ನಗು ಮುಗಿಯುವವರೆಗೂ ನಿಂತೇ ಇದ್ದು ಆಮೇಲೆ ಕೂತರು. ತಿರುಗಿ ನೋಡಲಿಲ್ಲ.

ಪಾವಗಡದಲ್ಲಿ ಅವರು ಆ ಮಾತ್ರೆಯ ಬಗ್ಗೆ ಡಾಕ್ಟರಿಗೆಲ್ಲ ಹೇಳುತ್ತಿದ್ದುದು ಇಷ್ಟು: ಒಳ್ಳೆಯ ಮಾತ್ರೆ, ಬೇಗ ನೋವು ಇಳಿಯುತ್ತದೆ, ಐದು ದಿನಕ್ಕಿಂತ ಹೆಚ್ಚು ಬರೆಯಬೇಡಿ, ಮೊದಲೇ ಬೇರೆ ನೋವಿನ ಮಾತ್ರೆ ನುಂಗುತ್ತಿರುವವರಿಗೆ ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರು ಒಪ್ಪುತ್ತಿದ್ದರು. ಆದರೆ ಆ ಕಡೆ ಜನ ಡಾಕ್ಟರ ಹತ್ತಿರ ಹೋಗುವುದು ಕಡಿಮೆ. ನೇರ ಮೆಡಿಕಲ್ ಸ್ಟೋರಿಗೆ ಬಂದು ಮಾತ್ರೆಯ ಬಣ್ಣ ಹೇಳಿ ಕೇಳುತ್ತಾರೆ. ಹೀಗಾಗಿ ಇವರು ಅಂಗಡಿಯವರಿಗೂ ಹೇಳತೊಡಗಿದರು. ಒಬ್ಬ ಅಂಗಡಿಯವನು ನನ್ನೆದುರೇ ರೇಗಿದ:

"ಏನ್ ಸಾರ್ ಇವ್ರು? ಮಾತ್ರೆ ಮಾರಕ್ಕೆ ಬಂದವ್ರೋ, ಮಾರಬ್ಯಾಡ ಅನ್ನಕ್ಕೆ ಬಂದವ್ರೋ?"

ಒಂದು ಗುರುವಾರ ಅದೇ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಐವತ್ತರ ಆಸುಪಾಸು. ಸೋಲಾರ್ ಪ್ಲಾಂಟಿನ ಕಡೆಯ ಒಂದು ಹಳ್ಳಿಯವಳು. ಆಮೇಲೆ ಅವರೇ ನನಗೆ ಎಲ್ಲ ಹೇಳಿದರು. ಅವಳ ಪಾದಗಳು ಊದಿಕೊಂಡು ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲವಂತೆ. ಇವರು ಪಕ್ಕದಲ್ಲಿ ಕೂತು, "ಏನಮ್ಮಾ, ಎಷ್ಟು ದಿನದಿಂದ ತಗೊಂತಿದೀರ ಈ ಮಾತ್ರೆ?" ಎಂದು ಕೇಳಿದರು.

"ದಿನ ಯಾರು ಎಣಿಸಿದ್ರು ಸಾಮಿ? ಮಂಡಿ ಹಿಡ್ಕೊಂಬುಡ್ತಾವೆ. ಈ ಗೋಲಿ ಏಸ್ಕೊಂಡ್ರೆ ನಾಕ್ ಹೆಜ್ಜೆ ನಡಿತೀನಿ. ಹಳೇದು ಬೆಳಗ್ಗೆ, ಈ ಹೊಸದು ರಾತ್ರಿಕಿ. ಮಾಕೇಂ ತೆಲುಸು, ನಮ್ಗೇನ್ ಗೊತ್ತು, ಅಂಗ್ಡಿಯಪ್ಪ ಕೊಡ್ತಾನೆ, ನುಂಗ್ತೀನಿ."

ಹೊಸದು ನಮ್ಮ ಮಾತ್ರೆ. ಅವರು ಅವಳನ್ನು ಅಲ್ಲಿಯೇ ಇದ್ದ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಪಾದ ಒತ್ತಿ ನೋಡಿ, ಇವತ್ತೇ ತುಮಕೂರಿಗೆ ಹೋಗಬೇಕು ಎಂದರು. ಅವಳ ಮಗ ಸೋಲಾರಿನಲ್ಲಿ ಕಾವಲು ಕೆಲಸದಲ್ಲಿದ್ದ, ಫೋನಿಗೆ ಸಿಗಲಿಲ್ಲ. ಇವರು ಬೈಕನ್ನು ಡಾಕ್ಟರ ಅಂಗಳದಲ್ಲಿ ನಿಲ್ಲಿಸಿ, ಅವಳನ್ನು ಬಸ್ಸು ಹತ್ತಿಸಿ, ತಾವೂ ಹತ್ತಿದರು. ಮಧ್ಯಾಹ್ನ ತುಮಕೂರಿನ ಆಸ್ಪತ್ರೆಯಿಂದ ನನಗೆ ಫೋನು ಮಾಡಿದರು.

"ಸಾರ್, ಇವತ್ತು ಉಳಿದ ಡಾಕ್ಟ್ರನ್ನ ನೋಡಕ್ಕಾಗ್ಲಿಲ್ಲ. ಆಸ್ಪತ್ರೇಲಿ ಇದೀನಿ, ಒಬ್ರು ಪೇಶೆಂಟ್ ಜೊತೆ. ಅಡ್ಮಿಟ್ ಮಾಡ್ಕೊಂಡ್ರು. ನಮ್ಮ ಮಾತ್ರೆ ನುಂಗ್ತಿದ್ರು."

"ಆಯ್ತು, ನೋಡ್ಕೊಳ್ಳಿ" ಎಂದೆ. ಆಗ ನನ್ನ ಆ ಮಾತು ನನಗೆ ಮನುಷ್ಯತ್ವ ಇರುವವನ ಮಾತಿನ ಹಾಗೇ ಕೇಳಿಸಿತ್ತು.

ಹೆಂಗಸು ಬದುಕಿದಳು. ಸಂಜೆಯ ಬಸ್ಸಿಗೆ ಮಗ ಬಂದ. ಆದರೆ ಅಂಗಡಿಯವನು ಸುಮ್ಮನಿರಲಿಲ್ಲ. ನಿಮ್ಮ ಪ್ರತಿನಿಧಿ ನನ್ನ ಅಂಗಡಿಯ ಹೆಸರು ಕೆಡಿಸುತ್ತಿದ್ದಾರೆ ಎಂದು ಸಗಟು ವಿತರಕರಿಗೆ ದೂರು ಕೊಟ್ಟ. ಅದು ಬೆಂಗಳೂರಿಗೆ ಮುಟ್ಟಿತು. ಸಾಹೇಬರು ನನಗೆ ಫೋನು ಮಾಡಿ, ಈ ಮನುಷ್ಯನ ಬಗ್ಗೆ ಒಂದು ವರದಿ ಕಳಿಸಿ, ಆ ಗುರುವಾರ ಇವರು ಎಲ್ಲಿದ್ದರು ಎಂಬುದು ಫೋನಿನ ಆ್ಯಪಿನಲ್ಲಿ ದಾಖಲಾಗಿದೆಯಲ್ಲ, ಅದನ್ನೂ ಸೇರಿಸಿ ಎಂದರು. ಕೊನೆಗೆ, "ಮುಂದಿನ ತಿಂಗಳು ನಿಮ್ಮ ಪ್ರಮೋಷನ್ನಿನ ವಿಷಯ ಇದೆ, ಗೊತ್ತಲ್ಲ?" ಎಂದರು.

ನಾನು ಬರೆದೆ. 'ಕೆಲಸದ ವೇಳೆಯಲ್ಲಿ ಅನುಮತಿಯಿಲ್ಲದೆ ಕಾರ್ಯಕ್ಷೇತ್ರದ ಹೊರಗೆ, ತುಮಕೂರಿನಲ್ಲಿ ಇದ್ದರು.' ವಾಕ್ಯ ಸುಳ್ಳಲ್ಲ. ಪಾವಗಡದಲ್ಲಿ ಇರಬೇಕಾದವರು ತುಮಕೂರಿನಲ್ಲಿ ಇದ್ದುದು ನಿಜ. ಅನುಮತಿಯನ್ನು ಮೊದಲೇ ಕೇಳಿರಲಿಲ್ಲ ಎಂಬುದೂ ನಿಜ. ಯಾಕೆ ಇದ್ದರು ಎಂಬುದನ್ನು ನಾನು ಬರೆಯಲಿಲ್ಲ. ಬರೆಯಲು ಇನ್ನೊಂದು ಸಾಲು ಸಾಕಾಗುತ್ತಿತ್ತು.

ಅವರಿಗೆ ಬೀದರಿನ ಕಡೆಗೆ ವರ್ಗವಾಯಿತು. ಅವರು ಹೋಗಲಿಲ್ಲ, ರಾಜೀನಾಮೆ ಕೊಟ್ಟರು. ಬ್ಯಾಗು, ಉಳಿದ ಸ್ಯಾಂಪಲ್ಲು, ಕಾಗದ ಪತ್ರಗಳನ್ನೆಲ್ಲ ಒಪ್ಪಿಸಲು ತುಮಕೂರಿಗೆ ಬಂದರು. ಒಂದೊಂದನ್ನೂ ತೋರಿಸಿ, ನನ್ನಿಂದ ಸಹಿ ಹಾಕಿಸಿಕೊಂಡು, ಬರ್ತೀನಿ ಸಾರ್ ಎಂದು ಹೊರಟರು. ವರದಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನಗೆ ಪ್ರಮೋಷನ್ ಬಂತು.

ನಾಲ್ಕು ವರ್ಷದ ಮೇಲೆ ನನ್ನನ್ನೂ ಅದೇ ಕಂಪನಿ ಹೊರಗೆ ಕಳಿಸಿತು. ಆಗ ನನ್ನ ಬಗ್ಗೆ ಯಾರು ಏನು ಬರೆದರೋ ಗೊತ್ತಿಲ್ಲ. ಮೊದಲ ಒಂದು ತಿಂಗಳು ಫೋನು ರಿಂಗಾಗುತ್ತಲೇ ಇರಲಿಲ್ಲ. ಇಪ್ಪತ್ತು ವರ್ಷ ಜೊತೆಗಿದ್ದವರಲ್ಲಿ ಒಬ್ಬರೂ ವಿಚಾರಿಸಲಿಲ್ಲ. ಆ ದಿನಗಳಲ್ಲಿ ಅವರ ನೆನಪು ಪದೇ ಪದೇ ಬರತೊಡಗಿತು. ವಿಚಾರಿಸಿದಾಗ, ಈಗ ಕುರಿ ಮೇಕೆಗಳ ಔಷಧಿ ಮಾರುವ ಸಣ್ಣ ಏಜೆನ್ಸಿಯೊಂದರಲ್ಲಿದ್ದಾರೆ, ಸಿರಾದ ಕುರಿ ಸಂತೆಯಲ್ಲಿ ಸಿಗುತ್ತಾರೆ ಎಂದು ತಿಳಿಯಿತು. ಸಂತೆಯ ದಿನ ಹೋದೆ.

ಬೇವಿನ ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹುಲಿಕುಂಟೆ ಕಡೆಯ ಕುರಿಗಾಹಿಯೊಬ್ಬ ಜಂತುಹುಳದ ಔಷಧಿಯ ಬಾಟಲಿ ಹಿಡಿದು ಕೇಳುತ್ತಿದ್ದ.

"ಗಬ್ಬದ ಕುರಿಗೂ ಕುಡಿಸ್ಬೋದಾ ಇದ?"

"ಬ್ಯಾಡ ಕಣಪ್ಪ. ಮರಿ ಹಾಕಿದ್ಮೇಲೆ ಕುಡಿಸು."

"ಅಂಗಾರೆ ಈಗ ಬ್ಯಾಡ ಬುಡಿ" ಎಂದು ಅವನು ಬಾಟಲಿ ಇಟ್ಟು ಹೊರಟುಹೋದ. ಅವರು ಅದನ್ನು ಒರೆಸಿ ಸಾಲಿಗೆ ಸೇರಿಸಿದರು. ಆಮೇಲೆ ನನ್ನನ್ನು ನೋಡಿದರು.

"ಬನ್ನಿ ಸಾರ್. ಕುರಿಗಳಿಗಾದ್ರೆ ಯಾರೂ ಟಾರ್ಗೆಟ್ ಕೇಳಲ್ಲ ಅಂದ್ಕೊಂಡಿದ್ದೆ. ಇಲ್ಲೂ ಕೇಳ್ತಾರೆ" ಎಂದು ನಕ್ಕರು.

ಚಹಾ ತರಿಸಿದರು. ನಾನು ತಡಮಾಡಲಿಲ್ಲ. ವರದಿಯಲ್ಲಿ ಏನು ಬರೆದಿದ್ದೆ, ಏನು ಬಿಟ್ಟಿದ್ದೆ ಎಂದು ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. ವರ್ಗದ ಆದೇಶದ ಜೊತೆ ಆ ಕಾಗದವನ್ನೂ ಕಳಿಸಿದ್ದರಂತೆ.

"ತಪ್ಪಾಯ್ತು," ಎಂದೆ. "ನೀವು ಒಂದು ಮಾತು ಪರವಾಗಿಲ್ಲ ಅಂದ್ರೆ..."

ಅವರು ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು.

"ಅದು ಆಗಲ್ಲ ಸಾರ್. ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮೇಲೆ ಕೋಪ ಇಲ್ಲ, ಇದ್ದದ್ದು ಯಾವಾಗ್ಲೋ ಹೋಯ್ತು. ಆದ್ರೆ ಪರವಾಗಿಲ್ಲ ಅಂದ್ರೆ ಸುಳ್ಳಾಗುತ್ತೆ. ನಂಗೆ ಆ ಕೆಲಸ ಇಷ್ಟ ಇತ್ತು."

ನಾನು ಚಹಾ ಮುಗಿಸಿ ಎದ್ದೆ. ಅವರು ಮೇಜನ್ನು ಪಕ್ಕದವನಿಗೆ ನೋಡಿಕೊಳ್ಳಲು ಹೇಳಿ, ಬಸ್ ನಿಲ್ದಾಣದವರೆಗೂ ನನ್ನ ಜೊತೆ ನಡೆದು ಬಂದರು. ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಬಿಸಿಲು ಆ ಕಡೆ ಬರುತ್ತೆ, ಈ ಕಡೆ ಕೂತ್ಕೊಳ್ಳಿ ಎಂದರು.

ಊರಿಗೆ ಬಂದು ಕಂಪನಿಗೆ ಪತ್ರ ಬರೆದೆ. ಆ ಗುರುವಾರ ಅವರು ತುಮಕೂರಿನಲ್ಲಿ ಯಾಕಿದ್ದರು ಎಂಬುದನ್ನು ಬರೆದೆ. ನನಗೆ ಫೋನು ಮಾಡಿ ತಿಳಿಸಿದ್ದರು, ಅದನ್ನು ನಾನು ಬೇಕೆಂದೇ ಬಿಟ್ಟೆ ಎಂದೂ ಬರೆದೆ. ಉತ್ತರ ಬರಲಿಲ್ಲ. ಒಂದು ಪ್ರತಿಯನ್ನು ಅವರಿಗೂ ಕಳಿಸಿದ್ದೆ. ವಾರ ಕಳೆದು, ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು.

"ಓದಿದೆ ಸಾರ್" ಎಂದರು. ಆಮೇಲೆ, "ತಿಂಡಿ ಆಯ್ತಾ?" ಎಂದು ಕೇಳಿದರು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ಮಾತು. ಹೆಚ್ಚಾಗಿ ನಾನೇ ಫೋನು ಮಾಡುತ್ತಿದ್ದೆ. ಐ.ಡಿ.ಹಳ್ಳಿ ಕಡೆ ಮಳೆ ಬಂತೇ, ಕುರಿಗಳಿಗೆ ಯಾವ ಜ್ವರ ಬಂದಿದೆ, ಅವರು ಮಾಡಿಕೊಂಡ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಯಿತೇ, ಇಂಥವೇ. ಎರಡು ವರ್ಷ ಹೀಗೆ ನಡೆಯಿತು. ಕಂಪನಿಯ ಮಾತು ಒಮ್ಮೆಯೂ ಬರಲಿಲ್ಲ. ಸಂತೆಯಲ್ಲಿ ನಾನು ಕೇಳಿದ್ದ 'ಪರವಾಗಿಲ್ಲ' ಎಂಬ ಮಾತನ್ನು ಅವರು ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಮೂರು ತಿಂಗಳ ಹಿಂದಿನ ಒಂದು ಭಾನುವಾರ ಫೋನು ಮಾಡಿದಾಗ ಬೇರೆ ದನಿ ಕೇಳಿತು. ಮಧುಗಿರಿಯ ಆ ಮಹಡಿ ಕೋಣೆಯ ಮಾಲೀಕರು.

"ಯಾರು ಸಾರ್? ಓಹ್, ಭಾನುವಾರದೋರಾ? ಹೋಗ್ಬುಟ್ರು ಸಾರ್. ಬೆಳಗ್ಗೆ ಬಾಗ್ಲು ತೆಗೀಲಿಲ್ಲ, ಒಡದು ನೋಡಿದ್ವಿ. ಮಲ್ಕಂಡಂಗೇ ಅವ್ರೆ. ತಂಗಿ ಮನೆಯೋರ್ಗೆ ಹೇಳಿವ್ನಿ, ಹಿಂದೂಪುರದಿಂದ ಬರ್ಬೇಕು. ನೀವ್ ಬರಂಗಿದ್ರೆ ಬನ್ನಿ. ಪಕ್ಕದಾಗೆ ಕೂರಾಕೆ ಯಾರೂ ಇಲ್ಲ."

ಸಿಕ್ಕ ಬಸ್ಸು ಹತ್ತಿ ಹತ್ತು ಗಂಟೆಗೆ ಮಧುಗಿರಿ ತಲುಪಿದೆ. ಕೆಳಗಿನ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಮಾಲೀಕರು ಬಸ್ ಕಂಡಕ್ಟರಾಗಿ ನಿವೃತ್ತರಾದ ಮುದುಕರು. ದೀಪಕ್ಕೆ ಎಣ್ಣೆ ಹಾಕುತ್ತ ಕೇಳಿದರು.

"ನೀವ್ ಇವ್ರಿಗೆ ಏನಾಗ್ಬೇಕು ಸಾರ್?"

ಜೊತೆಗೆ ಕೆಲಸ ಮಾಡುತ್ತಿದ್ದೆವು ಎಂದು ಹೇಳಬಹುದಿತ್ತು. ಅದೂ ಸುಳ್ಳಾಗುತ್ತಿರಲಿಲ್ಲ.

"ಇವರ ಕೆಲಸ ಹೋಗೋ ಹಾಗೆ ಮಾಡಿದವನು ನಾನೇ" ಎಂದೆ.

ಅವರು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದರು.

"ಗೊತ್ತು ಕಣ್ ಸಾರ್. ಹೇಳಿದ್ರು. ಭಾನುವಾರ ಭಾನುವಾರ ಮಾತಾಡ್ಸೋರು ಅವ್ರೊಬ್ರೇ ಅಂತಾನೂ ಹೇಳಿದ್ರು."

ಆಮೇಲೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು, "ಕೂತಿರಿ, ಹೂವ ತತ್ತೀನಿ" ಎಂದು ಹೊರಗೆ ಹೋದರು.

ಕೂತೆ. ತೆರೆದ ಬಾಗಿಲಿನಿಂದ ಬಸ್ಸುಗಳ ಸದ್ದು ಬರುತ್ತಿತ್ತು. ಪಾವಗಡ, ಪಾವಗಡ ಎಂದು ಯಾರೋ ಕೂಗುತ್ತಿದ್ದರು. ತಂಗಿಯ ಮನೆಯವರು ಬಂದು ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಅಲ್ಲಿಯವರೆಗೆ ಬೇರೆ ಯಾರೂ ಬರಲಿಲ್ಲ.